ಪಂಡಿತಾ ರಮಾಬಾಯಿಯವರ ಪಾಪಪ್ರಜ್ಞೆಯೂ ಆತ್ಮಾರ್ಪಣವೂ

ಪಾಪಭೀತಿಯೂ ಕಷ್ಟಪರಂಪರೆಯೂ ಮನುಷ್ಯನನ್ನು ಕೆಲವೊಮ್ಮೆ ವೈರಾಗ್ಯಕ್ಕೆ, ಕೆಲವೊಮ್ಮೆ ಹೃದಯಕಾಠಿನ್ಯಕ್ಕೆ ಒಯ್ಯುವುವು. ಅವೇ ಪರಾರ್ಥವಾದ ಆತ್ಮಾರ್ಪಣಕ್ಕೆ ಕಾರಣವಾಗುವ ಬಗೆ ಹೇಗೆ? ಕ್ರೈಸ್ತಧರ್ಮದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಕನ್ನಡನಾಡಿನಲ್ಲಿಯೇ ಜನಿಸಿದ ಪಂಡಿತಾ ರಮಾಬಾಯಿಯವರ ಚರಿತ್ರೆಯಲ್ಲಿ ಕಾಣಬಹುದು.

ರಮಾಬಾಯಿಯವರು 1858ರಲ್ಲಿ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತವನ್ನು ಕಲಿಸಿ, ಅದಕ್ಕಾಗಿ ಉಡುಪಿಯ ವಿದ್ವಾಂಸರ ಮುಂದೆ ಸಮಾಧಾನ ಹೇಳಬೇಕಾಗಿ ಬಂದ ಧೀರರು. ಆ ತಾಯಿಯೇ ಮಗಳಿಗೆ ಗುರು. ಪುರಾಣಪಠನದಿಂದ ಜೀವಿಸುತ್ತ ತೀರ್ಥಾಟನ ಮಾಡುತ್ತಿದ್ದ ಈ ಕುಟುಂಬವನ್ನು 1870ರ ದಶಕದ ಕ್ಷಾಮವು ನುಂಗಿತು. ಕುಲಾಭಿಮಾನದಿಂದ ಅವರು ಕೂಲಿಗೂ ಹೋಗಲಿಲ್ಲ, ಭಿಕ್ಷೆಗೂ ಕೈಯೊಡ್ಡಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಹೋದರು. ಮರಣಶಯ್ಯೆಯಲ್ಲಿದ್ದ ತಾಯಿಗಾಗಿ ನೆರೆಯವಳಲ್ಲಿ ರೊಟ್ಟಿಯ ತುಣುಕನ್ನು ಬೇಡಹೋದಾಗ ತಮಗೆ ಉಂಟಾದ ಸಂಕೋಚವನ್ನು ರಮಾಬಾಯಿಯವರೇ ಬರೆದಿಟ್ಟಿದ್ದಾರೆ.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹವಾಗಿ, 1882ರಲ್ಲಿ ವೈಧವ್ಯ ಒದಗಿತು. 1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಸಮಾಜವು ಪತಿತೆಯರೆಂದು ದೂರವಿಟ್ಟ ಸ್ತ್ರೀಯರನ್ನು ಲಂಡನಿನ ಫುಲ್‌ಹ್ಯಾಮಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಪ್ರೀತಿಯಿಂದ ಪೋಷಿಸುತ್ತಿದ್ದುದನ್ನು ಕಂಡು ಅವರ ಮನಸ್ಸು ಕರಗಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನವಾಯಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ದೀಕ್ಷೆಯಿಂದ ತಮಗೆ ಮತವು ದೊರೆಯಿತು, ಕ್ರಿಸ್ತನು ದೊರೆಯಲಿಲ್ಲವೆಂಬುದು ಅವರ ಆತ್ಮನಿವೇದನೆಯ ಸಾರ. ತಾವೂ ಪಾಪಿಯೇ, ತಮ್ಮ ವಿದ್ಯೆಯಾಗಲಿ ಸತ್ಕರ್ಮವಾಗಲಿ ತಮ್ಮನ್ನು ಉದ್ಧರಿಸಲಾರದು ಎಂಬ ಅರಿವೂ, ಅದರೊಡನೆಯೇ ಕ್ಷಮೆಯ ನಿಶ್ಚಯವೂ ಬಂದುದು 1891ರ ಸುಮಾರಿಗೆ. ನಮ್ಮ ಶಾಸ್ತ್ರದ ಪ್ರಾಯಶ್ಚಿತ್ತದಲ್ಲಿ ಕರ್ಮವು ಮೊದಲು, ಶುದ್ಧಿಯು ಅನಂತರ. ಅವರ ಅನುಭವದಲ್ಲಿ ಕ್ಷಮೆಯು ಮೊದಲು, ಕರ್ಮವು ಅನಂತರ. ಆದುದರಿಂದ ಅವರ ತ್ಯಾಗವು ಪುಣ್ಯಾರ್ಜನೆಯಲ್ಲ, ಕೃತಜ್ಞತೆ.

ಸೇವೆಯು ಅದಕ್ಕೆ ಮೊದಲೇ ಇದ್ದಿತಲ್ಲವೇ ಎಂದು ಕೇಳಬಹುದು. ಇದ್ದಿತು. ಮುಂಬಯಿಯ ಶಾರದಾಸದನವು 1889ರಲ್ಲಿಯೇ ಸ್ಥಾಪಿತವಾಯಿತು. ಆದರೆ ಅದು ಮುಖ್ಯವಾಗಿ ಉಚ್ಚಕುಲದ ವಿಧವೆಯರಿಗಾಗಿ. 1896-97ರ ಕ್ಷಾಮದಲ್ಲಿ ಅವರು ತಮ್ಮ ಪೂರ್ವದ ಹಸಿವನ್ನು ನೆನೆದು ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಅನಾಥೆಯರನ್ನು ಕರೆತಂದಾಗ ಯಾರ ಕುಲವನ್ನೂ ಕೇಳಲಿಲ್ಲ. ಕೇಡಗಾಂವದ ಮುಕ್ತಿಸದನದಲ್ಲಿ ನೇಯ್ಗೆ, ಮುದ್ರಣ, ಬೇಸಾಯಗಳನ್ನು ಕಲಿಸಿದರು. ತಮ್ಮ ಮನೆಯವರಿಗೆ ಕೈಗೂಡದೆ ಹೋದ ಶ್ರಮಜೀವನಕ್ಕೆ ಅಲ್ಲಿ ಗೌರವ ದೊರೆಯಿತು. ಫುಲ್‌ಹ್ಯಾಮಿನಲ್ಲಿ ಕಂಡುದು ಪತಿತೆಯರ ಆಶ್ರಯವಾದ ಕೃಪಾಸದನವಾಗಿ ಫಲಿಸಿತು. ಕಷ್ಟವು ಕರುಣೆಯನ್ನು ಕಲಿಸಿತು. ಪಾಪಪ್ರಜ್ಞೆಯು ಆ ಕರುಣೆಯ ಎಲ್ಲೆಯನ್ನು ಅಳಿಸಿತು.

ಆ ಕಾರ್ಯದ ಒಂದು ಶಾಖೆ ನಮ್ಮ ಸೀಮೆಗೂ ಬಂದಿತು. ಯಾದಗಿರಿ, ಹತ್ತಿಕುಣಿಗಳು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1912ರಲ್ಲಿ, ಗುಲ್ಬರ್ಗಾ ನಗರದಲ್ಲಿ ಅವರು ಶಾಲೆಯನ್ನು ಸ್ಥಾಪಿಸಿದರು. ಮಗಳು ಮನೋರಮೆಯವರು ಅದನ್ನು ನಡೆಸಿದರು. ಮನೋರಮೆಯವರು 1921ರಲ್ಲಿಯೂ, ತಾಯಿಯವರು 1922ರ ಏಪ್ರಿಲಿನಲ್ಲಿಯೂ ದಿವಂಗತರಾದರು.

ಮತಾಂತರದ ಕಾರಣದಿಂದ ಪಂಡಿತವರ್ಗವು ಈ ವಿದುಷಿಯನ್ನು ಬಹುಕಾಲ ಪರಕೀಯಳೆಂದು ಎಣಿಸಿತು. ಮತವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದುದು. ಗಂಗಾಮೂಲದಲ್ಲಿ ಹುಟ್ಟಿ ಗುಲ್ಬರ್ಗೆಯವರೆಗೆ ಹಬ್ಬಿದ ಈ ಜೀವನವನ್ನು ಕನ್ನಡನಾಡಿನ ಚರಿತ್ರೆಯಿಂದ ಬಿಡುವುದು ಮಾತ್ರ ಚರಿತ್ರಕಾರನಿಗೆ ನ್ಯಾಯವಲ್ಲ.