ಹೆಸರಿಲ್ಲದ ಹಡಗುಗಳು: ಐಹೊಳೆಯ ಶಾಸನ ಮತ್ತು ಪರಗ್ರಹ ಯುದ್ಧನೌಕೆಗಳ ನಾಮಕರಣ

ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಬಸದಿಯಲ್ಲಿರುವ ರವಿಕೀರ್ತಿಯ ಸಂಸ್ಕೃತ ಶಾಸನವನ್ನು (ಶಕ 556, ಕ್ರಿ.ಶ. 634-35) ಇತಿಹಾಸಕಾರರು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳಿಗಾಗಿ ಓದಿದ್ದಾರೆ, ಸಾಹಿತ್ಯಚರಿತ್ರೆಯನ್ನು ಬರೆದವರು ಕಾಳಿದಾಸ, ಭಾರವಿಯರ ಉಲ್ಲೇಖಕ್ಕಾಗಿ ಓದಿದ್ದಾರೆ. ಭಾಷಾವಿಜ್ಞಾನಿಗಳು ಅದನ್ನು ಮತ್ತೊಂದು ಪ್ರಶ್ನೆಯೊಡನೆ ಓದಬಹುದೆಂಬುದು ನಮ್ಮ ವಾದ. ದಾಳಿಗೆ ಬಂದ ಹಡಗನ್ನು ಹೆಸರಿಸುವವರು ಯಾರು, ಯಾವ ದಡದಲ್ಲಿ ನಿಂತು ಹೆಸರಿಸುತ್ತಾರೆ? ವೈಜ್ಞಾನಿಕ ಕಥೆಗಳಲ್ಲಿ ಬರುವ ಪರಗ್ರಹ ಯುದ್ಧನೌಕೆಗಳ ನಾಮಕರಣದ ಮೂಲದಲ್ಲಿರುವುದೂ ಇದೇ ಪ್ರಶ್ನೆ.

ಬಾದಾಮಿಯ ಅರಸನ ನೌಕಾಬಲ ಪಶ್ಚಿಮ ಸಮುದ್ರದ ಸಿರಿಯೆನಿಸಿದ್ದ ಪುರಿಯ ಮೇಲೆ ಎರಗಿದ ಪ್ರಸಂಗವನ್ನು ರವಿಕೀರ್ತಿ ಒಂದೇ ಪದ್ಯದಲ್ಲಿ ಮುಗಿಸುತ್ತಾನೆ. ಹಡಗುಗಳು ನೂರಾರು, ಆದರೆ ಒಂದಕ್ಕೂ ಅಂಕಿತನಾಮವಿಲ್ಲ. ಅವುಗಳಿಗೆ ದೊರೆತಿರುವುದು ಮದಗಜಗಳ ಹಿಂಡಿನ ಹೋಲಿಕೆ ಮಾತ್ರ. ಪದ್ಯದ ಉತ್ತರಾರ್ಧದಲ್ಲಿ ಮೋಡ ಕವಿದ ಆಕಾಶ ಕಡಲಿನಂತೆಯೂ ಕಡಲು ಆಕಾಶದಂತೆಯೂ ಕಾಣುತ್ತವೆ. ಕವಿ ದಾಳಿ ಮಾಡಿದವರ ಕಡೆಯವನು. ಪುರಿಯ ದಡದಲ್ಲಿ ನಿಂತವರಿಗೆ ಆ ಹಡಗುಗಳು ಹೇಗೆ ಕಂಡವೆಂಬ ಮಾತಿಗೆ ಪದ್ಯದಲ್ಲಿ ಎಡೆಯಿಲ್ಲ.

ಹೆಸರು ವಸ್ತುವಿಗಿಂತ ಹೆಚ್ಚಾಗಿ ಹೆಸರಿಸುವವನ ನೆಲೆಯನ್ನು ಹೇಳುತ್ತದೆ ಎಂಬುದಕ್ಕೆ ಐಹೊಳೆಯ ಗುಡಿಗಳೇ ಸಾಕ್ಷಿ. ಮೇಗುಟಿ ಎಂದರೆ ಮೇಗುಡಿ, ಮೇಲಿನ ಗುಡಿ. ಊರಲ್ಲಿ ನಿಂತು ಬೆಟ್ಟವನ್ನು ನೋಡುವವರು ಇಟ್ಟ ಹೆಸರು. ದುರ್ಗಾ ಗುಡಿಗೆ ಆ ಹೆಸರು ಬಂದಿರುವುದು ದೇವಿಯಿಂದಲ್ಲ, ಮುಂದೆ ಅಲ್ಲಿ ಎದ್ದ ದುರ್ಗದಿಂದ, ಅಂದರೆ ಕೋಟೆಯಿಂದ. ಅದೇ ಕಟ್ಟಡದ ಹಿಂಬದಿಯ ಬಾಗನ್ನು ಕಂಡ ವಾಸ್ತುಪರಿಭಾಷೆ ಅದನ್ನು ಗಜಪೃಷ್ಠವೆಂದಿತು. ಹಡಗಿಗೆ ಒದಗಿದ ಆನೆ ಕಲ್ಲಿನ ಗುಡಿಗೂ ಒದಗಿತು.

ಪರಗ್ರಹ ನೌಕೆಗಳ ಹೆಸರುಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು: ಹೊರಗಿನವರು ಇಟ್ಟವು, ಒಳಗಿನವರು ತಾವೇ ಇಟ್ಟುಕೊಂಡವು. ಮೊದಲನೆಯದಕ್ಕೆ ಎಚ್.ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಸ್ಪಷ್ಟ ನಿದರ್ಶನ. ಅಲ್ಲಿ ಮನುಷ್ಯರ ಯುದ್ಧನೌಕೆಗೆ ‘ಥಂಡರ್ ಚೈಲ್ಡ್’ ಎಂಬ ಅಂಕಿತನಾಮವಿದೆ. ಮಂಗಳವಾಸಿಗಳ ಯಂತ್ರಗಳಿಗೆ ರೂಢನಾಮಗಳಷ್ಟೇ. ಮೊದಲ ಯಂತ್ರವನ್ನು ಕಂಡ ನಿರೂಪಕನಿಗೆ ನೆನಪಾಗುವುದು ಹಾಲು ಕರೆಯುವಾಗ ಕೂರುವ ಮುಕ್ಕಾಲಿ. ಅಮೆರಿಕದಲ್ಲಿ 1947ರಲ್ಲಿ ಕೆನೆತ್ ಆರ್ನಾಲ್ಡ್ ತಾನು ಕಂಡ ವಸ್ತುಗಳ ಚಲನೆಯನ್ನು ನೀರಿನ ಮೇಲೆ ಪುಟಿಯುವ ತಟ್ಟೆಗೆ ಹೋಲಿಸಿದ. ಪತ್ರಿಕೆಗಳು ಅದನ್ನು ಆಕಾರವೆಂದು ತಿಳಿದವು. ಕನ್ನಡದ ‘ಹಾರುವ ತಟ್ಟೆ’ ಆ ತಪ್ಪು ತಿಳಿವಿನ ಕೂಸು. ಅಪರಿಚಿತವನ್ನು ಎದುರಿಸಿದ ಭಾಷೆ ಮೊದಲು ತಡಕಾಡುವುದು ಕೊಟ್ಟಿಗೆಯಲ್ಲಿ, ಅಡುಗೆಮನೆಯಲ್ಲಿ.

ಎರಡನೆಯ ಬಗೆ ತೋರುವಷ್ಟು ಸರಳವಲ್ಲ. ‘ಸ್ಟಾರ್ ಟ್ರೆಕ್’ ಸರಣಿಯ 1966ರ ಒಂದು ಕಂತಿನಲ್ಲಿ ರೊಮುಲನ್ನರ ನೌಕೆಯ ಮೈಮೇಲೆ ಬೇಟೆಹಕ್ಕಿಯ ಚಿತ್ರವಿತ್ತು. ಹೆಸರು ಅದರಿಂದಲೇ ಹುಟ್ಟಿತು. 1984ರ ಚಲನಚಿತ್ರದಲ್ಲಿ ಅದು ಕ್ಲಿಂಗನ್ನರ ನೌಕೆಗೆ ವರ್ಗಾವಣೆಯಾಯಿತು. ಆ ಚಿತ್ರಕ್ಕಾಗಿ ಕ್ಲಿಂಗನ್ ಭಾಷೆಯನ್ನು ರೂಪಿಸಿದವರು ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್. ಆ ಭಾಷೆಯಲ್ಲಿ ಈ ನೌಕೆಯ ಹೆಸರು ಒಂದು ಸಮಾಸ: ಹಕ್ಕಿಯನ್ನು ಸೂಚಿಸುವ ಪದ ಮೊದಲು, ನೌಕೆ ಎಂಬರ್ಥದ ‘ಡುಜ್’ ಕೊನೆಗೆ. ಕನ್ನಡದ ‘ಯುದ್ಧನೌಕೆ’ಯ ಪದಕ್ರಮವೂ ಇದೇ. ಹೀಗೆ ಒಳಗಿನವರದೆಂದು ತೋರುವ ಹೆಸರೂ ಹೊರಗಿನವರ ರೂಪಕದ ಪಡಿಯಚ್ಚಾಗಿದೆ.

ಆ ‘ಡುಜ್’ ಪದದ ಮೂರ್ಧನ್ಯ ಡಕಾರ ಕನ್ನಡದ ಓದುಗನನ್ನು ತಡೆದು ನಿಲ್ಲಿಸಬೇಕು. ಇಂಗ್ಲಿಷ್ ಕಿವಿಗೆ ಪರಕೀಯವೆನಿಸುವ ಈ ಧ್ವನಿ ‘ಹಡಗು’ ಪದದ ನಡುವೆಯೇ ಇದೆ. ‘ಹಡಗು’ ಪಕಾರ ಹಕಾರವಾದ ಬದಲಾವಣೆಯಲ್ಲಿ ‘ಪಡಗು’ವಿನಿಂದ ಬಂದ, ತಮಿಳಿನ ‘ಪಡಗು’ವಿನ ಒಡಹುಟ್ಟು. ನಮಗೆ ವಿಚಿತ್ರವೆನಿಸಬೇಕಾದದ್ದು ಡಕಾರವಲ್ಲ, ಅದರ ಒಂಟಿತನ: ಕ್ಲಿಂಗನ್ನಿನಲ್ಲಿ ಘೋಷ ಡಕಾರವಿದೆ, ಅದಕ್ಕೆ ಜೊತೆಯಾಗಬೇಕಾದ ಮೂರ್ಧನ್ಯ ಟಕಾರವಿಲ್ಲ. ಧ್ವನಿಯ ಪರಕೀಯತೆ ಧ್ವನಿಯಲ್ಲಿಲ್ಲ, ಕೇಳುವವನ ಧ್ವನಿಮಾ ವ್ಯವಸ್ಥೆಯಲ್ಲಿದೆ. ಕರ್ಕಶ ವ್ಯಂಜನಗಳನ್ನು ಪೇರಿಸಿ ‘ಅನ್ಯ’ ಹೆಸರನ್ನು ಕಟ್ಟುವ ಇಂಗ್ಲಿಷ್ ರೂಢಿಯನ್ನು ಕನ್ನಡದ ಲೇಖಕರು ಹಾಗೆಯೇ ಎತ್ತಿಕೊಂಡರೆ ನೌಕೆ ಪರಗ್ರಹದ್ದಾಗಿ ಕೇಳಿಸದೆ ನೆರೆಯೂರಿನದಾಗಿ ಕೇಳಿಸೀತು.

ಅಂತರಿಕ್ಷದ ವಾಹನಕ್ಕೆ ಕನ್ನಡ ಆಯ್ದುಕೊಂಡ ಪದಗಳೂ ಇಲ್ಲಿ ಗಮನಾರ್ಹ. ‘ವಿಮಾನ’ ಪಟ್ಟದಕಲ್ಲಿನಲ್ಲಿ ಗರ್ಭಗುಡಿಯ ಮೇಲೇರುವ ಕಟ್ಟಡ, ಪುರಾಣದಲ್ಲಿ ದೇವತೆಗಳ ವಾಹನ, ಇಂದು ಪ್ರಯಾಣಿಕರ ಯಂತ್ರ. ಹಾಗಾಗಿ ನಕ್ಷತ್ರಗಳ ನಡುವೆ ಸಂಚರಿಸುವುದಕ್ಕೆ ಉಳಿದದ್ದು ‘ಅಂತರಿಕ್ಷನೌಕೆ’. ರವಿಕೀರ್ತಿ ಒಂದು ಗಳಿಗೆಯ ದೃಶ್ಯವಾಗಿ ಕಂಡ ಕಡಲು-ಆಕಾಶಗಳ ಸಮೀಕರಣ ಈ ಪದದಲ್ಲಿ ನಿಘಂಟಿನ ಅರ್ಥವಾಗಿ ನೆಲೆಗೊಂಡಿದೆ.

ಆದುದರಿಂದ ಇಂಥ ಹೆಸರುಗಳ ಪಟ್ಟಿಯನ್ನು ಧ್ವನಿ, ರಚನೆ, ಅರ್ಥಗಳ ಪ್ರಕಾರ ವರ್ಗೀಕರಿಸುವ ಮುನ್ನ ಪ್ರತಿಯೊಂದು ಹೆಸರಿನ ಎದುರು ಅದನ್ನು ಉಚ್ಚರಿಸಿದವರ ದಡವನ್ನು ಗುರುತಿಸಬೇಕೆಂದು ನಾವು ಸೂಚಿಸುತ್ತೇವೆ. ಲಂಡನ್ನಿನ ಸುತ್ತಲಿನವರಿಗೆ ಮುಕ್ಕಾಲಿಗಳು ಏನಾಗಿದ್ದವೋ ಪುರಿಯವರಿಗೆ ಬಾದಾಮಿಯ ಹಡಗುಗಳು ಅದೇ ಆಗಿದ್ದವು. ವ್ಯತ್ಯಾಸ ಒಂದೇ: ವೆಲ್ಸ್‌ನ ಕಥೆಯನ್ನು ದಾಳಿಗೊಳಗಾದವರು ಹೇಳುತ್ತಾರೆ, ಮೇಗುಟಿಯ ಕಲ್ಲಿನಲ್ಲಿ ದಾಳಿ ಮಾಡಿದವರು ಹೇಳುತ್ತಾರೆ.