ರಕ್ತಸ್ರಾವ ಕಾಲ ಪರೀಕ್ಷೆ

ಚರ್ಮಕ್ಕೆ ಸಣ್ಣ ಗಾಯ ಮಾಡಿ, ಒಸರುವ ರಕ್ತ ತಾನಾಗಿ ನಿಲ್ಲಲು ಹಿಡಿಯುವ ಹೊತ್ತನ್ನು ಅಳೆಯುವ ಪರೀಕ್ಷೆ. ರಕ್ತನಾಳ ಹರಿದಲ್ಲಿ ಮೊದಲು ಬಂದು ಅಂಟಿಕೊಂಡು ಬಾಯಿ ಮುಚ್ಚುವವು ಪ್ಲೇಟ್‌ಲೆಟ್‌ಗಳು. ಅವುಗಳ ಸಂಖ್ಯೆ ತೀರ ಕುಗ್ಗಿದರೂ, ಸಂಖ್ಯೆ ಸರಿಯಿದ್ದು ಕೆಲಸ ಕೆಟ್ಟರೂ ಈ ಹೊತ್ತು ಹೆಚ್ಚುತ್ತದೆ.

ಫ್ರಾನ್ಸಿನ ವೈದ್ಯ ಮಿಲಿಯಾನ್ 1901ರಲ್ಲೇ ಇಂಥ ಅಳತೆಯನ್ನು ವಿವರಿಸಿದ್ದರೂ, ಅದಕ್ಕೆ ಅರ್ಥ ಬಂದದ್ದು 1910ರಲ್ಲಿ, ಅಮೆರಿಕದ ವಿಲಿಯಂ ಡ್ಯೂಕ್ ಅವರಿಂದ. ಕಿವಿಯ ಹಾಲೆಗೆ ಚುಚ್ಚಿ ಅರ್ಧ ನಿಮಿಷಕ್ಕೊಮ್ಮೆ ಹೀರುಕಾಗದ ತಾಗಿಸುವುದು ಅವರ ಕ್ರಮ. ಕಾಗದದ ಮೇಲೆ ಕೆಂಪು ಚುಕ್ಕೆಗಳು ಒಂದಕ್ಕಿಂತ ಒಂದು ಕಿರಿದಾಗುತ್ತ ಹೋಗಿ, ಆರೋಗ್ಯವಂತರಲ್ಲಿ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತಿದ್ದವು. ಪ್ಲೇಟ್‌ಲೆಟ್ ತೀರ ಕಡಿಮೆಯಿದ್ದ ಒಬ್ಬ ಯುವಕನಲ್ಲಿ ರಕ್ತ ಗಂಟೆಗೂ ಮೀರಿ ಜಿನುಗಿತು. ಬೇರೊಬ್ಬರ ರಕ್ತ ಕೊಟ್ಟ ಮೇಲೆ ಪ್ಲೇಟ್‌ಲೆಟ್ ಏರಿತು, ಸ್ರಾವದ ಹೊತ್ತು ಇಳಿಯಿತು. ಕೆಲವು ದಿನಗಳಲ್ಲಿ ಪ್ಲೇಟ್‌ಲೆಟ್ ಮತ್ತೆ ಕುಸಿದಾಗ ಸ್ರಾವವೂ ಮರಳಿತು. ರಕ್ತ ನಿಲ್ಲಿಸುವುದರಲ್ಲಿ ಪ್ಲೇಟ್‌ಲೆಟ್‌ಗಳ ಪಾತ್ರವನ್ನು ರೋಗಿಯ ಮೈಯಲ್ಲೇ ತೋರಿಸಿಕೊಟ್ಟ ಈ ಪ್ರಯೋಗ ರಕ್ತವಿಜ್ಞಾನದ ಅತ್ಯುತ್ತಮ ವೀಕ್ಷಣೆಗಳಲ್ಲಿ ಒಂದು. 1926ರಲ್ಲಿ ಫಿನ್‌ಲೆಂಡಿನ ಎರಿಕ್ ಫಾನ್ ವಿಲ್ಲೆಬ್ರಾಂಡ್, ಓಲಂಡ್ ದ್ವೀಪಗಳ ಒಂದು ಕುಟುಂಬದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದೂ ಸ್ರಾವಕಾಲ ಹೆಚ್ಚಿದ್ದುದನ್ನು ಕಂಡರು. ಅವರ ಹೆಸರು ಹೊತ್ತ ಕಾಯಿಲೆ ಬೇರೆಯದೇ ಎಂದು ಗುರುತಿಸಲು ಈ ಅಳತೆಯೂ ನೆರವಾಯಿತು.

ಮುಂದಿನ ಪ್ರಯತ್ನವೆಲ್ಲ ಗಾಯವನ್ನು ಒಂದೇ ಅಳತೆಗೆ ತರುವುದಕ್ಕೆ. ಐವಿ ಮತ್ತು ಸಂಗಡಿಗರು ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿ, ಒತ್ತಡವನ್ನು 40 ಮಿ.ಮೀ. ಪಾದರಸದಲ್ಲಿರಿಸಿ ಮುಂಗೈಯಲ್ಲಿ ಗಾಯ ಮಾಡಿದರು. 1969ರಲ್ಲಿ ಮೀಲ್ಕೆ ಮತ್ತು ಸಂಗಡಿಗರು ಅಚ್ಚು ಬಳಸಿ ಗಾಯದ ಉದ್ದ, ಆಳಗಳನ್ನು ನಿಗದಿಪಡಿಸಿದರು. ಆದರೂ ಚರ್ಮದ ದಪ್ಪ, ಚಳಿ, ಗೀರಿನ ದಿಕ್ಕು, ಮಾಡುವವರ ಕೈ ಇವೆಲ್ಲ ಫಲಿತಾಂಶವನ್ನು ಅಲುಗಾಡಿಸುತ್ತಲೇ ಇದ್ದವು. ಆಸ್ಪಿರಿನ್ ನುಂಗಿದವರಲ್ಲಿ ಕಾಲ ಕೊಂಚ ಹೆಚ್ಚುವುದು ತಿಳಿದ ಮೇಲೆ ಪರೀಕ್ಷೆಯ ಬೇಡಿಕೆ ಬೆಳೆಯಿತು. ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸುವುದು ರೂಢಿಯಾಯಿತು.

ಈ ರೂಢಿಗೆ ಆಧಾರ ಗಟ್ಟಿಯಿರಲಿಲ್ಲ. ಮುಂಗೈಯ ಗೀರು ಹೊಟ್ಟೆಯೊಳಗಿನ ಗಾಯದ ಕಥೆ ಹೇಳದು. 1990ರಲ್ಲಿ ರಾಡ್ಜರ್ಸ್ ಮತ್ತು ಲೆವಿನ್ ಅದುವರೆಗಿನ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಿ, ಶಸ್ತ್ರಚಿಕಿತ್ಸೆಯ ರಕ್ತಸ್ರಾವವನ್ನು ಇದು ಮುನ್ಸೂಚಿಸುವುದಿಲ್ಲವೆಂದು ತೋರಿಸಿದರು. ಹಲವು ದೇಶಗಳ ದೊಡ್ಡ ಆಸ್ಪತ್ರೆಗಳು ಇದನ್ನು ಕೈಬಿಟ್ಟಿವೆ. ರಕ್ತ ಸುರಿದ ಹಿಂದಿನ ಸಂದರ್ಭಗಳು, ಮನೆತನದ ಇತಿಹಾಸ, ನುಂಗುತ್ತಿರುವ ಮಾತ್ರೆಗಳು ಇವನ್ನು ಕೇಳಿ ತಿಳಿಯುವುದು ಹೆಚ್ಚು ಫಲಕಾರಿ. ಸಂಶಯವಿದ್ದಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡುವುದನ್ನು ಅಳೆಯುವ ಉಪಕರಣಗಳಿವೆ. ಕರ್ನಾಟಕದಲ್ಲಿ ರಕ್ತಸ್ರಾವ ಕಾಲ ಪರೀಕ್ಷೆ ‘ಬಿ.ಟಿ., ಸಿ.ಟಿ.’ ಎಂಬ ಜೋಡಿ ಹೆಸರಿನಲ್ಲಿ ಪರಿಚಿತ; ಇದರಲ್ಲಿ ಬಿ.ಟಿ. ಎಂದರೆ ಈ ಪರೀಕ್ಷೆ, ಸಿ.ಟಿ. ಎಂಬುದು ಹೆಪ್ಪುಗಟ್ಟುವ ಕಾಲದ ಬೇರೆಯೇ ಪರೀಕ್ಷೆ.