ಬ್ಯಾಂಗಲ್ ಮತ್ತು ಬ್ರೇಸ್‌ಲೆಟ್

ಬ್ಯಾಂಗಲ್, ಬ್ರೇಸ್‌ಲೆಟ್: ಮಣಿಕಟ್ಟಿಗೆ ತೊಡುವ ಆಭರಣಗಳಿಗೆ ಇಂಗ್ಲಿಷಿನಲ್ಲಿರುವ ಎರಡು ಹೆಸರುಗಳು. ಬ್ಯಾಂಗಲ್ ಎಂದರೆ ಬಾಗದ, ಸಾಮಾನ್ಯವಾಗಿ ತೆರೆಯಲು ಬಾರದ ಗಟ್ಟಿ ವೃತ್ತ, ಕನ್ನಡದ ಬಳೆ. ಬ್ರೇಸ್‌ಲೆಟ್ ಎಂದರೆ ಸರಪಳಿ, ಮಣಿಸರ, ಪಟ್ಟಿ ಮೊದಲಾದ, ಮಣಿಕಟ್ಟನ್ನು ಬಳಸಿ ಕೊಂಡಿಯಿಂದ ಕೂಡಿಸುವ ಆಭರಣ. ಎರಡರ ನಡುವಿನ ವ್ಯತ್ಯಾಸ ಲೋಹದ್ದಲ್ಲ, ಬೆಲೆಯದ್ದೂ ಅಲ್ಲ; ರಚನೆಯದು. ಕೈಯನ್ನು ತೂರಿಸಿ ತೊಡುವುದು ಬ್ಯಾಂಗಲ್, ಕೈಗೆ ಸುತ್ತಿ ಕಟ್ಟುವುದು ಬ್ರೇಸ್‌ಲೆಟ್. ಅಳತೆ, ತಯಾರಿಕೆ, ಮಾರಾಟ, ತೆರಿಗೆಗಳಲ್ಲಿ ಕಾಣುವ ಬೇರೆ ಭೇದಗಳ ಹಿಂದೆಯೂ ಬಹುಮಟ್ಟಿಗೆ ಈ ಒಂದು ಅಂಶವೇ ಇದೆ.

ಪದಗಳ ಮೂಲ

ಬ್ರೇಸ್‌ಲೆಟ್ ಹಳೆಯ ಫ್ರೆಂಚಿನಿಂದ ಬಂದ ಪದ. ಅದರ ಬೇರು ತೋಳು ಎಂಬ ಅರ್ಥದ ಲ್ಯಾಟಿನ್ನಿನ ಬ್ರಾಕಿಯಂ. ಹದಿನೈದನೆಯ ಶತಮಾನದಿಂದಲೇ ಇಂಗ್ಲಿಷಿನಲ್ಲಿ ಬಳಕೆಯಲ್ಲಿದೆ. ಬ್ಯಾಂಗಲ್ ಭಾರತದಿಂದ ಹೋದದ್ದು. ಹಿಂದಿಯ ಬಂಗ್ಡಿ ಅಥವಾ ಬಂಗ್ರಿ ಎಂಬುದರ ರೂಪಾಂತರ. ಅದು ಇಂಗ್ಲಿಷಿಗೆ ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶದ ಪ್ರಕಾರ ಮೂಲ ಪದದ ಅರ್ಥ ಹೆಂಗಸರು ತೊಡುವ ಬಣ್ಣದ ಗಾಜಿನ ಬಳೆ. ಇಂಗ್ಲಿಷರ ಬಾಯಲ್ಲಿ ಅದು ಇಲ್ಲಿನ ಎಲ್ಲ ಬಗೆಯ ಬಳೆ, ಕಡಗಗಳಿಗೂ ಕಾಲಿನ ಕಡಗಕ್ಕೂ ಹಬ್ಬಿತೆಂದು ಅದೇ ಕೋಶ ಹೇಳುತ್ತದೆ.

ಬ್ರಿಟನ್, ಅಮೆರಿಕಗಳ ನಿಘಂಟುಗಳಲ್ಲಿ ಇಂದಿಗೂ ಬ್ಯಾಂಗಲ್ ಎಂದರೆ ಗಟ್ಟಿಯಾದ ಬ್ರೇಸ್‌ಲೆಟ್ ಎಂಬ ವಿವರಣೆ ಸಾಮಾನ್ಯ. ಅಲ್ಲಿ ಬ್ರೇಸ್‌ಲೆಟ್ ಇಡೀ ಜಾತಿಯ ಹೆಸರು, ಬ್ಯಾಂಗಲ್ ಅದರ ಒಂದು ಬಗೆ. ಭಾರತದ ಇಂಗ್ಲಿಷಿನಲ್ಲಿ ಇವು ಬೇರೆಬೇರೆ ವಸ್ತುಗಳು. ಇಲ್ಲಿ ಗಾಜಿನ ಬಳೆಯನ್ನು ಯಾರೂ ಬ್ರೇಸ್‌ಲೆಟ್ ಎನ್ನುವುದಿಲ್ಲ. ಚಿನ್ನದಂಗಡಿಗಳಲ್ಲೂ ಎರಡಕ್ಕೂ ಬೇರೆ ತಟ್ಟೆಗಳಿರುತ್ತವೆ.

ಮತ್ತೋಡಿನ ಗಾಜು

ಬ್ಯಾಂಗಲ್ ಪದದ ಮೂಲಾರ್ಥವಾದ ಗಾಜಿನ ಬಳೆಗೆ ಕರ್ನಾಟಕದಲ್ಲಿ ಹೆಸರಾಗಿದ್ದ ಊರುಗಳಲ್ಲಿ ಮತ್ತೋಡು ಒಂದು. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಇದು ಹಿಂದೆ ಪಾಳೆಯಗಾರರ ನೆಲೆಯಾಗಿತ್ತು. ಟಿಪ್ಪು ಸುಲ್ತಾನನ ಪತನಾನಂತರ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕೆಲಸವನ್ನು ವಿವರಿಸಿದ್ದಾನೆ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಬುಕಾನನ್ ಕಂಡ ಗಾಜು ಒರಟು, ಬೆಳಕು ಹಾಯದಂಥದು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಗೆ. ಹೆಚ್ಚು ಬೇಡಿಕೆ ಇದ್ದದ್ದು ಕಪ್ಪಿಗೆ. ಗುಮ್ಮಟದಾಕಾರದ ಕುಲುಮೆಗಳನ್ನು ಊರ ಕೋಟೆಗೋಡೆಯ ಒಳಮಗ್ಗುಲಿಗೆ ಆನಿಸಿ ಕಟ್ಟಿದ್ದರು. ಬೇಕಾದ ಸಾಮಗ್ರಿ ಸುತ್ತಮುತ್ತಲೇ ಸಿಗುತ್ತಿತ್ತು: ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕುವ ಚೌಳಿನಿಂದ ತೆಗೆದ ಸೋಡ, ಕುಟ್ಟಿ ಪುಡಿಮಾಡಿದ ಬೆಣಚುಕಲ್ಲು, ಬಣ್ಣಕ್ಕೆ ಲೋಹದ ಅದಿರುಗಳು. ಬೆಣಚುಕಲ್ಲಿನಲ್ಲಿರುವ ಸಿಲಿಕ ತಾನೊಂದೇ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಸೋಡ ಬೆರೆತರೆ ಕರಗುವ ಉಷ್ಣತೆ ಬಹಳ ಕೆಳಗಿಳಿಯುತ್ತದೆ. ಕಟ್ಟಿಗೆ ಉರಿಯ ಮಣ್ಣಿನ ಕುಲುಮೆಯೂ ಸಾಕಾಗುತ್ತದೆ. ಬೇಸಾಯಗಾರ ಶಪಿಸುವ ಚೌಳು ನೆಲ ಬಳೆ ಮಾಡುವವರಿಗೆ ಬಂಡವಾಳವಾದದ್ದು ಹೀಗೆ.

ಈ ಬಳೆಗಳನ್ನು ಹೇಳುವಾಗ ಬುಕಾನನ್ ಎರಡು ಪದಗಳ ನಡುವೆ ಆಯ್ಕೆ ಮಾಡಲು ಹೋಗುವುದಿಲ್ಲ. ದೇಶೀ ಹೆಂಗಸರು ಮಣಿಕಟ್ಟಿಗೆ ತೊಡುವ ‘ರಿಂಗ್’ ಎಂದು ಆಕಾರವನ್ನಷ್ಟೇ ಹೇಳಿ ಮುಂದೆ ಸಾಗುತ್ತಾನೆ.

ತಯಾರಿಕೆ

ತಣಿದ ಗಾಜು ಬಾಗದು. ಅದರಿಂದ ಇಡಿಯಾಗಿ ಮಾಡಲು ಬರುವುದು ಬ್ಯಾಂಗಲ್ ಮಾತ್ರ. ಬ್ರೇಸ್‌ಲೆಟ್ ಬೇಕಾದರೆ ಗಾಜನ್ನು ಮಣಿಗಳಾಗಿ ಮಾಡಿ ದಾರಕ್ಕೆ ಪೋಣಿಸಬೇಕು. ಗಾಜಿನ ಬಳೆಗೆ ಎರಡು ಮುಖ್ಯ ಕ್ರಮಗಳಿವೆ. ಒಂದರಲ್ಲಿ ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಸಲಾಕೆಯಿಂದ ತೂತುಮಾಡಿ, ತಿರುಗಿಸುತ್ತ ಅಗಲಿಸಿ, ಬೆಸುಗೆಯಿಲ್ಲದ ಬಳೆಯಾಗಿಸುತ್ತಾರೆ. ಇನ್ನೊಂದರಲ್ಲಿ ಗಾಜಿನ ಎಳೆಯನ್ನು ತಿರುಗುವ ಉರುಳೆಗೆ ಸುರುಳಿಯಾಗಿ ಸುತ್ತಿ, ಉದ್ದಕ್ಕೆ ಕೊಯ್ದು, ಒಂದೊಂದು ಸುತ್ತಿನ ತುದಿಗಳನ್ನೂ ಉರಿಯಲ್ಲಿ ಬೆಸೆಯುತ್ತಾರೆ. ಇಂದು ದೇಶದ ಗಾಜಿನ ಬಳೆಗಳ ಮುಖ್ಯ ಕೇಂದ್ರವಾಗಿರುವ ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ನಡೆಯುವುದು ಈ ಎರಡನೆಯ ಕ್ರಮ. ಬ್ರೇಸ್‌ಲೆಟ್ ತಯಾರಿಕೆ ಇದಕ್ಕಿಂತ ಬೇರೆ: ಬಿಡಿ ಕೊಂಡಿ, ಮಣಿ, ಹರಳುಗಳನ್ನು ಜೋಡಿಸುವ ಕೆಲಸ.

ಅಳತೆ

ಬ್ಯಾಂಗಲ್ ಹಾದುಹೋಗಬೇಕಾದ ಇಕ್ಕಟ್ಟು ಮಣಿಕಟ್ಟಲ್ಲ, ಹೆಬ್ಬೆರಳು ಮಡಚಿದಾಗ ಅಂಗೈಯ ಗೆಣ್ಣುಗಳ ಬಳಿ ಇರುವ ಅಗಲ. ಆದ್ದರಿಂದ ಅದನ್ನು ಒಳವ್ಯಾಸದಲ್ಲಿ ಅಳೆಯುತ್ತಾರೆ. ಗೆಣ್ಣು ದಾಟಿದ ಮೇಲೆ ಮಣಿಕಟ್ಟಿನಲ್ಲಿ ಸಡಿಲವಾಗಿ ಉಳಿಯುವುದರಿಂದಲೇ ಬಳೆ ಜಾರುತ್ತದೆ, ಒಂದಕ್ಕೊಂದು ತಾಗಿ ಸದ್ದು ಮಾಡುತ್ತದೆ. ಬ್ರೇಸ್‌ಲೆಟ್ ಮಣಿಕಟ್ಟಿನ ಸುತ್ತಳತೆಗೆ ಹೊಂದುವುದರಿಂದ ಅದರ ಅಳತೆ ಉದ್ದದ್ದು. ಹೆಂಗಸರಿಗೆ ಸಾಮಾನ್ಯವಾಗಿ 6.5ರಿಂದ 7.5 ಅಂಗುಲ.

ಭಾರತದ ಬಳೆ ಅಂಗಡಿಗಳ 2.2, 2.4, 2.6, 2.8 ಎಂಬ ಸಂಖ್ಯೆಗಳು ದಶಮಾಂಶಗಳಲ್ಲ. ಮೊದಲ ಅಂಕಿ ಅಂಗುಲ, ಎರಡನೆಯದು ಅಂಗುಲದ ಹದಿನಾರನೆಯ ಭಾಗಗಳು. 2.4 ಎಂದರೆ ಎರಡೂಕಾಲು ಅಂಗುಲ, ಸುಮಾರು 57 ಮಿ.ಮೀ.; 2.8 ಎಂದರೆ ಎರಡೂವರೆ ಅಂಗುಲ, 63.5 ಮಿ.ಮೀ. 2.10ನೆಯ ಅಳತೆ 2.8ಕ್ಕಿಂತ ದೊಡ್ಡದು.

ಕನ್ನಡದ ಬಳಕೆ

ಕನ್ನಡದಲ್ಲಿ ಈ ಭೇದವನ್ನು ಹೆಸರುಗಳಂತೆ ಕ್ರಿಯಾಪದಗಳೂ ಕಾಯುತ್ತವೆ. ಬಳೆಯನ್ನು ತೊಡುತ್ತಾರೆ, ಇಡುತ್ತಾರೆ; ಕಂಕಣವನ್ನು ಕಟ್ಟುತ್ತಾರೆ. ಮದುವೆಯಲ್ಲಿ ಅರಿಸಿನದ ಕೊಂಬಿನೊಡನೆ ಮಣಿಕಟ್ಟಿಗೆ ಕಟ್ಟುವ ದಾರವಾದ ಈ ಕಂಕಣ ರಚನೆಯಲ್ಲಿ ಬ್ರೇಸ್‌ಲೆಟ್ಟಿಗೆ ಹತ್ತಿರ. ಹಳೆಯ ಗ್ರಂಥಗಳಲ್ಲಿ ಕಂಕಣ ಎಂಬುದೇ ಚಿನ್ನದ ಬಳೆಗೂ ಸಲ್ಲುವುದರಿಂದ ಅನುವಾದಕ ಸಂದರ್ಭವನ್ನು ನೋಡಬೇಕು. ಕಡಗ ದಪ್ಪನೆಯ ಬ್ಯಾಂಗಲ್, ಗಂಡಸರೂ ತೊಡುತ್ತಾರೆ. ತೋಳಿಗೆ ತೊಡುವ ವಂಕಿ, ತೋಳುಬಂದಿಗಳು ಎರಡರಲ್ಲಿ ಯಾವುದೂ ಅಲ್ಲ. ಚಿನ್ನದ ಸರಪಳಿಯಂಥ ಕೈಸರಕ್ಕೆ ಈಗ ಊರುಗಳಲ್ಲೂ ಬ್ರೇಸ್‌ಲೆಟ್ ಎಂಬ ಹೆಸರೇ ನಿಂತಿದೆ. ಬಳೆಯ ಸ್ಥಾನಕ್ಕೆ ಬ್ಯಾಂಗಲ್ ಬಂದಿರುವುದು ಅಂಗಡಿಗಳ ಬೋರ್ಡುಗಳಲ್ಲಿ ಮಾತ್ರ.

ಆಚರಣೆಗಳೂ ಬಳೆಯನ್ನು ಕೇಳುತ್ತವೆಯೇ ಹೊರತು ಬ್ರೇಸ್‌ಲೆಟ್ಟನ್ನಲ್ಲ. ಮದುವೆಯ ಬಳೆಶಾಸ್ತ್ರ, ಸೀಮಂತದ ಹಸಿರು ಗಾಜಿನ ಬಳೆ, ಬಾಗಿನದ ಮೊರದಲ್ಲಿಡುವ ಬಳೆ ಇವೆಲ್ಲ ಜೋಡಿ ಅಥವಾ ಡಜನ್ ಲೆಕ್ಕದವು. ಬ್ರೇಸ್‌ಲೆಟ್ ಸಾಮಾನ್ಯವಾಗಿ ಒಂದೇ ಕೈಗೆ, ಒಂಟಿಯಾಗಿ. ಗಾಜಿನ ಬಳೆಯನ್ನು ಒಡೆಯದಂತೆ ಗೆಣ್ಣು ದಾಟಿಸುವುದು ಕೈಚಳಕದ ಕೆಲಸ. ಬಳೆಗಳ ಮಲಾರ ಹೊತ್ತು ಮನೆಮನೆಗೆ ಬರುತ್ತಿದ್ದ ಬಳೆಗಾರ ಬರೀ ಮಾರಿ ಹೋಗುತ್ತಿರಲಿಲ್ಲ. ಕೈ ಹಿಡಿದು, ಬೆರಳು ಒತ್ತಿ, ತಾನೇ ತೊಡಿಸುತ್ತಿದ್ದ. ಕೊಂಡಿಯ ಆಭರಣಕ್ಕೆ ಅಂಥ ವೃತ್ತಿಯ ಅಗತ್ಯ ಬೀಳದು.

ಗಡಿಯ ಬಗೆಗಳು

ಕೆಲವು ಆಭರಣಗಳು ಎರಡು ಹೆಸರಿಗೂ ಸಲ್ಲುತ್ತವೆ. ಕೀಲು ಮತ್ತು ತಿರುಪು ಇಟ್ಟು ತೆರೆಯುವ ಚಿನ್ನದ ಬಳೆ ಗಟ್ಟಿಯಾಗಿದ್ದರೂ ಕೈ ತೂರಿಸಬೇಕಿಲ್ಲ. ಆದರೂ ಅದು ಬ್ಯಾಂಗಲ್ ಎಂದೇ ಮಾರಾಟವಾಗುತ್ತದೆ. ಒಂದು ಬದಿ ತೆರೆದಿರುವ ಪಟ್ಟಿಗೆ ಕಫ್ ಎಂಬ ಹೆಸರಿದ್ದು, ಅದನ್ನು ಹೆಚ್ಚಾಗಿ ಬ್ರೇಸ್‌ಲೆಟ್ಟುಗಳ ಸಾಲಿಗೆ ಸೇರಿಸುತ್ತಾರೆ. ರೋಗಿಯ ವಿವರ ಬರೆದ ಆಸ್ಪತ್ರೆಯ ಕೈಪಟ್ಟಿಯನ್ನು ಬ್ರೇಸ್‌ಲೆಟ್ ಎನ್ನಬಹುದು, ಬ್ಯಾಂಗಲ್ ಎನ್ನಲಾಗದು.

ತೆರಿಗೆಯಲ್ಲಿ

2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಗಾಜಿನ ಬಳೆಗೆ ವಿನಾಯಿತಿ ಸಿಕ್ಕಿತು. ಕೃತಕ ಆಭರಣಗಳಿಗೆ ಶೇ. 3ರ ದರ ನಿಗದಿಯಾಯಿತು. ವಿನಾಯಿತಿಯ ಪಟ್ಟಿ ಹೆಸರಿಸುವುದು ಬ್ಯಾಂಗಲ್ಲನ್ನು. ಗಾಜಿನಿಂದಲೇ ಆಗಿದ್ದರೂ ಮಣಿ ಪೋಣಿಸಿದ ಬ್ರೇಸ್‌ಲೆಟ್ ಆ ಹೆಸರಿನಡಿ ಬರುವುದಿಲ್ಲ. ಬಿಲ್ಲು ಬರೆಯುವ ವ್ಯಾಪಾರಿಗೆ ಎರಡು ಪದಗಳ ಅಂತರ ನೇರವಾಗಿ ಹಣದ ಲೆಕ್ಕಕ್ಕೆ ಬರುವುದು ಇಲ್ಲಿ.